ನಲವತ್ತೆರಡನೆಯ ಸೀನು

ಕಳೆದ ಕಾರ್ತಿಕದ ಕಡೆಯ ಸೋಮವಾರ ಬೆಳಿಗ್ಗೆ ನನ್ನ ಮೂಗಿನ ಮೇಲೆ ನನಗಿದ್ದ ನಂಬಿಕೆ ಅದಕ್ಕೆ ಮುಂಚೆ ಯಾವತ್ತೂ ಇರಲಿಲ್ಲ. ಆಮೇಲೂ ಬರಲಿಲ್ಲ. ಒಗೆದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಅವ್ವನನ್ನೂ ತಂಗಿ ಭಾಗ್ಯಳನ್ನೂ ನನ್ನ ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ವೀರಭದ್ರಸ್ವಾಮಿ ಗುಡಿಗೆ ಹೊರಟಾಗ, ಇವತ್ತು ತಂಗಿಯ ಬಾಳಿಗೆ ಒಂದು ದಾರಿ ಮಾಡಿಯೇ ಬರುತ್ತೇನೆ ಅಂದುಕೊಂಡಿದ್ದೆ. ಮಾಡಿಯೇ ಬಂದೆ. ಇದ್ದ ದಾರಿಯನ್ನು ಮುಚ್ಚಿ ಬಂದೆ.

ಮೊದಲು ಮೂಗಿನ ವಿಷಯ ಹೇಳಿಬಿಡುತ್ತೇನೆ. ವರ್ಷದಲ್ಲಿ ಏಳೆಂಟು ತಿಂಗಳು ಅದರಿಂದ ಯಾರಿಗೂ ತೊಂದರೆಯಿಲ್ಲ. ಮಳೆಗಾಲ ಮುಗಿದು, ಬದುವಿನ ಮೇಲೆ ಪಾರ್ಥೇನಿಯಂ ಗಿಡ ಬಿಳಿಬಿಳಿ ಹೂ ಬಿಟ್ಟು, ಹೊಲಗಳಲ್ಲಿ ಸೇವಂತಿಗೆ ಅರಳಿತೆಂದರೆ ನನ್ನ ಕಥೆ ಮುಗಿಯಿತು. ಕಣ್ಣು ಕೆಂಪಾಗಿ ಕೆರೆಯುತ್ತದೆ. ಗಂಟಲೊಳಗೆ ಇರುವೆ ಹರಿದ ಹಾಗಾಗುತ್ತದೆ. ಮೂಗು ನಲ್ಲಿಯಾಗುತ್ತದೆ. ನಮ್ಮೂರ ನಲ್ಲಿಯಲ್ಲಿ ಮೂರು ದಿನಕ್ಕೊಂದು ಸಲ ನೀರು ಬರುತ್ತದೆ, ನನ್ನದರಲ್ಲಿ ದಿನವಿಡೀ! ಇನ್ನು ಸೀನು ಶುರುವಾದರೆ ಹತ್ತು ಹದಿನೈದಕ್ಕೆ ಕಡಿಮೆಯಿಲ್ಲ. ಪಕ್ಕದ ಮನೆಯ ಎಮ್ಮೆ ಹಗ್ಗ ಕಿತ್ತುಕೊಂಡದ್ದೂ ಉಂಟು.

ಕೊಳಾಲದ ಡಾಕ್ಟರು ನೋಡಿ, ಇದು ಶೀತವಲ್ಲ, ಹೂವಿನ ಧೂಳಿನ ಅಲರ್ಜಿ, ಹೂವಿನಿಂದ ದೂರ ಇರಪ್ಪ ಅಂದರು. ಸೇವಂತಿಗೆ ಕಾಲದಲ್ಲಿ ನನ್ನ ಕಸುಬೇ ದಿನಾ ಬೆಳಿಗ್ಗೆ ಊರಿನವರ ಸೇವಂತಿಗೆ ಮೂಟೆಗಳನ್ನು ತುಮಕೂರು ಮಾರ್ಕೆಟ್ಟಿಗೆ ಸಾಗಿಸುವುದು. ದೂರ ಇದ್ದರೆ ಅನ್ನದಿಂದಲೂ ದೂರ ಇರಬೇಕಾಗುತ್ತದೆ ಅಂದೆ. ಅವರು ನಕ್ಕು, ಹಾಗಾದರೆ ಮೂಟೆ ಎತ್ತುವಾಗ ಮಾಸ್ಕ್ ಹಾಕಿಕೋ, ಸೇವಂತಿಗೆ ಕಾಲ ಮುಗಿಯುವ ತನಕ ದಿನಾ ರಾತ್ರಿ ಒಂದು ಮಾತ್ರೆ ತೆಗೆದುಕೋ, ನಡುವೆ ಬಿಡಬೇಡ ಅಂತ ಬರೆದುಕೊಟ್ಟರು. ನಾಲ್ಕು ರಾತ್ರಿ ತೆಗೆದುಕೊಂಡೆ. ಐದನೆಯ ದಿನ ಮೂಗು ಒಣಗಿತು. ಮಳೆ ನಿಂತ ಮೇಲೆ ಕೊಡೆ ಯಾಕೆ ಅಂತ ಬಿಟ್ಟೆ. ಏಳನೆಯ ದಿನ ಮತ್ತೆ ಸೋರತೊಡಗಿತು. ಇದರಿಂದ ನಾನು ಕಲಿತ ಪಾಠವೆಂದರೆ, ಡಾಕ್ಟರ ಮಾತ್ರೆಯಲ್ಲಿ ಶಕ್ತಿ ಇಲ್ಲ ಎಂಬುದು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಈ ಪಾಠಕ್ಕೆ ಶಾಲೆಯನ್ನು ದೂರುವಂತಿಲ್ಲ.

ಮಾತ್ರೆಯ ಜಾಗದಲ್ಲಿ ನನ್ನನ್ನು ಕಾಪಾಡುತ್ತಿದ್ದವಳು ಭಾಗ್ಯ. ನನಗಿಂತ ಆರು ವರ್ಷಕ್ಕೆ ಚಿಕ್ಕವಳು. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದಿದ್ದಳು. ಮಧ್ಯಾಹ್ನ ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಬೆಳಿಗ್ಗೆ ನನಗೆ ಜೀರಿಗೆ ಮೆಣಸಿನ ಕಷಾಯ, ಸಂಜೆ ಹಬೆ ಹಿಡಿಯಲು ಬಿಸಿನೀರು. ನನಗೆ ಮದುವೆಯಾಗಿಲ್ಲ. ಎರಡು ಕಡೆ ಹೆಣ್ಣು ನೋಡಲು ಹೋಗಿದ್ದೆವು. ಎರಡು ಸಲವೂ ಅದು ಸೇವಂತಿಗೆ ಕಾಲವಾಗಿತ್ತು.

ಆ ಭಾಗ್ಯಳಿಗೆ ಒಂದು ಆಸೆ. ಗೊರವನಹಳ್ಳಿಯಲ್ಲಿ, ಮಹಾಲಕ್ಷ್ಮಿ ದರ್ಶನಕ್ಕೆ ಬರುವವರು ಬಸ್ಸಿಳಿಯುವ ಕಡೆ, ಒಂದು ಸಣ್ಣ ಮಳಿಗೆ ಖಾಲಿಯಾಗಿತ್ತು. ಅಲ್ಲಿ ತಟ್ಟೆ ಇಡ್ಲಿ ಹೋಟ್ಲು ಇಡಬೇಕು ಅಂತ. ತಟ್ಟೆ, ಪಾತ್ರೆ ಎಲ್ಲ ಹೊಂದಿಸಿಕೊಂಡಿದ್ದಳು. ರುಬ್ಬುವ ಯಂತ್ರ ಎಲ್ಲಿ ಕೂರಬೇಕು, ಕೈ ತೊಳೆಯುವ ನೀರು ಎಲ್ಲಿಗೆ ಹೋಗಬೇಕು ಅಂತ ಹಳೇ ಕ್ಯಾಲೆಂಡರಿನ ಹಿಂದೆ ಗೀಚಿಟ್ಟುಕೊಂಡಿದ್ದಳು. ಮಳಿಗೆಯವರು, ಇನ್ನೊಬ್ಬರೂ ಕೇಳುತ್ತಿದ್ದಾರೆ, ಕಡೇ ಕಾರ್ತಿಕದ ಮಾರನೆಯ ದಿನ ಹೇಳಿಬಿಡಮ್ಮ ಅಂದಿದ್ದರು. ಅವ್ವನದು ಮಾತ್ರ ಒಂದೇ ಹಟ. ಸ್ವಾಮಿ ಅಪ್ಪಣೆ ಆಗಲಿ, ಆಮೇಲೆ ನೋಡೋಣ.

ನಮ್ಮ ಮನೆಯಲ್ಲಿ ಹೂ ಕೇಳದೆ ಯಾವ ಕೆಲಸವೂ ಇಲ್ಲ. ಗುಡಿಯ ಅಯ್ಯನವರು ಹೂವನ್ನು ನೀರಿನಲ್ಲಿ ಅದ್ದಿ ಸ್ವಾಮಿಯ ಎರಡು ಭುಜಕ್ಕೂ ಅಂಟಿಸುತ್ತಾರೆ. ನಾವು ಕೇಳಬೇಕಾದ್ದನ್ನು ಕೇಳುತ್ತೇವೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಕೊಳವೆಬಾವಿಗೂ ಹೀಗೇ ಕೇಳಿದ್ದು, ನನ್ನ ಆಟೋಗೂ ಹೀಗೇ ಕೇಳಿದ್ದು. ಕೇಳುವಾಗ ಮನೆಯ ಗಂಡಸು ಹೂವಿನ ತಟ್ಟೆ ಹಿಡಿದು ಗರ್ಭಗುಡಿಯ ಬಾಗಿಲಲ್ಲಿ ನಿಲ್ಲಬೇಕು. ಅಪ್ಪ ಇಲ್ಲ. ಗಂಡಸು ನಾನೇ. ಕಾರ್ತಿಕದಲ್ಲಿ ತಟ್ಟೆಯಲ್ಲಿರುವ ಹೂ ಯಾವುದು? ಸೇವಂತಿಗೆ!

ಎಂಟು ದಿನ ಮುಂಚೆಯೇ ಭಾಗ್ಯ ಮಾತ್ರೆಯ ಪಟ್ಟಿ ತಂದು ನನ್ನ ಕೈಗಿಟ್ಟಳು.

"ಅಣ್ಣ, ಇವತ್ತಿಂದ ದಿನಾ ಒಂದು ತಗಂಬುಡು. ಗುಡೀಲಿ ನೀನು ಸೀನಬಾರ್ದು. ನಿನ್ನ ಮೂಗಿಗೋಸ್ಕರ ಬ್ಯಾಡ, ನನಗೋಸ್ಕರ ತಗೋ."

ತೆಗೆದುಕೊಳ್ಳುತ್ತೇನೆ ಅಂದೆ. ನಿಜವಾಗಿಯೂ ತೆಗೆದುಕೊಳ್ಳುವವನಿದ್ದೆ. ಆದರೆ ಆ ಸಂಜೆ ಚಿಲ್ಲರೆ ಅಂಗಡಿಯ ರುದ್ರಣ್ಣನ ಹತ್ತಿರ ಬೀಡಿಗೆ ಹೋದೆ.

ರುದ್ರಣ್ಣ ನಮ್ಮ ಪಕ್ಕದ ಮನೆಯವನು. ಎಮ್ಮೆ ಅವನದೇ. ಅವನ ಅಂಗಡಿಯಲ್ಲಿ ಸೋಪು ಕೇಳಿದರೆ ಇರುವುದಿಲ್ಲ. ಔಷಧಿ ಕೇಳಿದರೆ ಇಲ್ಲ ಅಂದದ್ದೇ ಇಲ್ಲ. ಮಾತ್ರೆ ತಿಂದರೆ ಮಂಪರು ಬಂದು ಆಟೋ ಹಳ್ಳಕ್ಕೆ ಹೋಗುತ್ತದೆ ಅಂತ ಹೆದರಿಸಿ, ಅರಿಶಿನದ ಕೊಂಬು ಸುಟ್ಟು ಹೊಗೆ ಎಳೆದುಕೋ ಅಂದ. ಎಳೆದುಕೊಂಡೆ. ಹೊಗೆ ಮೂಗಿನೊಳಗೆ ಹೋಯಿತು. ಆ ಕ್ಷಣವೇ ಸೀನು ಬಂತು. ಬಗ್ಗಿದೆ. ಕೊಂಬಿನ ತುದಿಯ ಕೆಂಡ ಮೀಸೆಯ ಬಲಭಾಗಕ್ಕೆ ತಗುಲಿತು. ಎಡಭಾಗ ಒಂದನ್ನೇ ಇಟ್ಟುಕೊಂಡು ಮಾಡುವುದೇನು ಅಂತ ಅದನ್ನೂ ತೆಗೆಸಿದೆ. ಅವ್ವ ಒಂದು ದಿನವಿಡೀ ನನ್ನ ಮುಖ ನೋಡಲಿಲ್ಲ.

ಮೂರನೆಯ ದಿನ ಮೂಗಿನ ಹೊಳ್ಳೆಗಳಿಗೆ ಒಂದೊಂದು ಬೆಳ್ಳುಳ್ಳಿ ಎಸಳು ಇಟ್ಟುಕೊಂಡು ಮಲಗು ಅಂದ. ಮಲಗಿದೆ. ಬೆಳಿಗ್ಗೆ ಎದ್ದಾಗ ಎಡಗಡೆಯದು ಹಾಸಿಗೆಯ ಮೇಲಿತ್ತು. ಬಲಗಡೆಯದು ಎಲ್ಲೂ ಇರಲಿಲ್ಲ! ಭಾಗ್ಯ ನನ್ನನ್ನು ಅಂಗಳದ ಬೆಳಕಿಗೆ ಕೂರಿಸಿ, ಗದ್ದ ಹಿಡಿದೆತ್ತಿ, ಕೂದಲ ಪಿನ್ನಿನಿಂದ ಎಸಳನ್ನು ಹೊರಗೆ ತೆಗೆದಳು. ಬೈಯಲಿಲ್ಲ. ಆ ಎಸಳನ್ನು ಬೂದಿಗುಂಡಿಗೆ ಎಸೆದು, ಇವತ್ತಾದರೂ ಮಾತ್ರೆ ತಗೋ ಅಂದಳಷ್ಟೆ. ರಾತ್ರಿ ತೆಗೆದುಕೊಳ್ಳುತ್ತೇನೆ ಅಂದೆ. ರಾತ್ರಿ ಮರೆತೆ.

ಸೋಮವಾರ ಬೆಳಗಿನ ಜಾವ ರುದ್ರಣ್ಣ ತನ್ನ ಕಡೆಯ ಅಸ್ತ್ರ ಹೊರತೆಗೆದ. ಅದು ನಶ್ಯದ ಡಬ್ಬಿ.

"ನೋಡು ಮಲ್ಲಣ್ಣ, ಸೀನು ಅನ್ನೋದು ದಿನಕ್ಕೆ ಇಷ್ಟು ಅಂತ ಇರ್ತದೆ ಕಣಪ್ಪ. ಬೆಳಗಾಗೆದ್ದು ಎಲ್ಲಾನೂ ಒಂದೇ ಸಲ ಖಾಲಿ ಮಾಡ್ಬುಟ್ರೆ, ಆಮೇಲೆ ಎಲ್ಲಿಂದ ಬತ್ತದೆ ಹೇಳು?"

ನನಗೆ ಇದರಲ್ಲಿ ಒಂದು ತಪ್ಪೂ ಕಾಣಲಿಲ್ಲ. ತೊಟ್ಟಿಯ ನೀರು ಖಾಲಿಯಾದ ಮೇಲೆ ನಲ್ಲಿ ತಿರುಗಿಸಿದರೆ ಬರುವುದು ಗಾಳಿ ತಾನೆ? ಎರಡು ಚಿಟಿಕೆ ಏರಿಸಿದೆ. ರುದ್ರಣ್ಣ ಎಣಿಸುತ್ತಾ ನಿಂತ. ನಲವತ್ತೊಂದು ಸೀನು! ನಲವತ್ತೊಂದರ ಮೇಲೆ ಏನು ಮಾಡಿದರೂ ಬರಲಿಲ್ಲ. ತಲೆ ಹಗುರಾಯಿತು, ಮೂಗು ಹೊಸದಾಗಿ ಸುಣ್ಣ ಹೊಡೆದ ಕೋಣೆಯಂತಾಯಿತು. ಹೊರಡುವಾಗ ಭಾಗ್ಯ ಮಾತ್ರೆಯನ್ನೂ ನೀರನ್ನೂ ತಂದಳು. ಬೇಡ ಅಂದೆ. ಮಾಸ್ಕ್ ಕೊಟ್ಟಳು. ಜೇಬಿಗೆ ಹಾಕಿಕೊಂಡೆ. ಖಾಲಿ ಮನೆಗೆ ಬೀಗ ಯಾಕೆ?

ಕಡೇ ಕಾರ್ತಿಕವಾದ್ದರಿಂದ ಗುಡಿ ತುಂಬಿತ್ತು. ನಮ್ಮ ಹಿಂದೆ ಹೂ ಕೇಳುವವರು, ಹಣ್ಣುಕಾಯಿ ಮಾಡಿಸುವವರು ಎಲ್ಲ ಸೇರಿ ಬಾಗಿಲ ತನಕ ನಿಂತಿದ್ದರು. ನಮ್ಮ ಸರದಿ ಬಂತು. ತಟ್ಟೆ ಹಿಡಿದು ಹೊಸ್ತಿಲ ಹತ್ತಿರ ನಿಂತೆ. ನಮ್ಮದು ಚಿಕ್ಕ ಗುಡಿ. ನನಗೂ ಸ್ವಾಮಿಗೂ ನಡುವೆ ಎರಡು ಮೊಳ. ಅಯ್ಯನವರು ತಟ್ಟೆಯಿಂದ ಎರಡು ಹಳದಿ ಸೇವಂತಿಗೆ ಎತ್ತಿ, ನೀರಿನಲ್ಲಿ ಅದ್ದಿ, ಬಲಕ್ಕೊಂದು ಎಡಕ್ಕೊಂದು ಅಂಟಿಸಿದರು. ಅವ್ವ ಕೈಮುಗಿದು ಗಟ್ಟಿಯಾಗಿ ಕೇಳಿದಳು.

"ಸ್ವಾಮಿ, ನನ್ನ ಮಗಳು ಗೊರವನಹಳ್ಳಿಲಿ ಹೋಟ್ಲು ಇಡ್ತೀನಿ ಅಂತವ್ಳೆ. ಒಂಟಿ ಹೆಂಗ್ಸು. ಆಗಬೌದಾದ್ರೆ ಬಲಕ್ಕೆ ಕೊಡು ನನ್ನಪ್ಪ."

ಎಲ್ಲರೂ ಕಣ್ಣು ಮುಚ್ಚಿದರು. ಅಯ್ಯನವರೂ ಮುಚ್ಚಿದರು. ನಾನು ಮುಚ್ಚಲಿಲ್ಲ, ಮುಚ್ಚಿದರೆ ಉರಿಯುತ್ತಿತ್ತು. ಹಾಗಾಗಿ ನಾನೊಬ್ಬನೇ ನೋಡಿದೆ. ಬಲಗಡೆಯ ಹೂ ಜಾರುತ್ತಿತ್ತು. ನಿಧಾನವಾಗಿ, ಒಂದು ನೂಲಿನಷ್ಟು, ಇನ್ನೊಂದು ನೂಲಿನಷ್ಟು. ಇನ್ನೇನು ಬೀಳಬೇಕು. ನನಗೆ ಎಷ್ಟು ಸಂತೋಷವಾಯಿತೆಂದರೆ ಖುಷಿಗೆ ಒಂದು ದೊಡ್ಡ ಉಸಿರು ಎಳೆದುಕೊಂಡೆ. ತಟ್ಟೆಯ ತುಂಬ ಇದ್ದ ಸೇವಂತಿಗೆಯ ಮೇಲಿಂದ ಎಳೆದುಕೊಂಡೆ!

ನಲವತ್ತೆರಡನೆಯದು ಎಲ್ಲಿ ಅಡಗಿತ್ತೋ ಕಾಣೆ. ಎರಡು ಕೈಯಲ್ಲೂ ತಟ್ಟೆ, ಟವೆಲ್ ಹೆಗಲ ಮೇಲೆ, ಮಾಸ್ಕ್ ಜೇಬಿನಲ್ಲಿ. ದೀಪ ಮಲಗಿ ಎದ್ದಿತು. ತಟ್ಟೆಯ ಹೂಗಳಲ್ಲಿ ಅರ್ಧ ಗರ್ಭಗುಡಿಯೊಳಗೆ ಹೋದವು. ನಾನು ನಿಂತಿದ್ದದ್ದು ಸ್ವಾಮಿಯ ಎಡಗಡೆಗೆ. ಆ ಕಡೆಯ ಹೂ ಪಟ್ಟನೆ ಬಿತ್ತು. ಬಲಗಡೆಯದು ಎಲ್ಲಿತ್ತೋ ಅಲ್ಲೇ ನಿಂತುಬಿಟ್ಟಿತು.

ಅಯ್ಯನವರು ಕಣ್ಣು ಬಿಟ್ಟು ಮೊದಲು ಸ್ವಾಮಿಯನ್ನು ನೋಡಿದರು, ಆಮೇಲೆ ನನ್ನನ್ನು. ಗುಡಿಯೊಳಗೆ ಪಿಸುಮಾತು ಎದ್ದಿತು. ಅವರು ಕೈಯೆತ್ತಿ ಸುಮ್ಮನಿರಿಸಿ ವಿಚಾರಣೆ ಶುರುಮಾಡಿದರು. ಅವರು ಹೇಳಿದ್ದು ಇಷ್ಟು. ಹೂ ಬಿದ್ದ ಮೇಲೆ ಸೀನಿದ್ದರೆ ತೊಂದರೆಯಿಲ್ಲ, ಸ್ವಾಮಿ ಹೇಳಿದ್ದು ಹೇಳಿದ್ದೇ. ಸೀನಿದ ಮೇಲೆ ಹೂ ಬಿದ್ದಿದ್ದರೆ ಇವತ್ತಿನ ಅಪ್ಪಣೆ ಲೆಕ್ಕಕ್ಕಿಲ್ಲ. ಗುಡಿ ತೊಳೆದು ಶುದ್ಧ ಮಾಡಿ, ಮುಂದಿನ ಸೋಮವಾರ ಮತ್ತೆ ಕೇಳಬೇಕು.

ಹಿಂದಿನಿಂದ ಯಾರೋ, ಈಗ ಗುಡಿ ತೊಳೆಯುವುದಾದರೆ ನಮ್ಮ ಪೂಜೆ ಯಾವಾಗ ಅಂತ ಗೊಣಗಿದರು. ಇನ್ನೊಬ್ಬರು, ಮೀಸೆ ಬೋಳಿಸಿಕೊಂಡು ಬಂದಾಗಲೇ ಅಂದುಕೊಂಡೆ ಅಂದರು. ಅಯ್ಯನವರು ನನ್ನ ಕಡೆ ತಿರುಗಿದರು.

"ಹೇಳಪ್ಪ ಮಲ್ಲಣ್ಣ. ಸೀನು ಮೊದಲೋ, ಹೂ ಮೊದಲೋ?"

ಇಡೀ ಗುಡಿಯಲ್ಲಿ ಕಣ್ಣು ತೆರೆದಿದ್ದ ಸಾಕ್ಷಿ ಒಬ್ಬನೇ. ಅಪರಾಧಿಯೂ ಅವನೇ. ಭಾಗ್ಯ ನನ್ನನ್ನು ನೋಡುತ್ತಿದ್ದಳು. ನಾನು ಕಾಲಬೆರಳು ನೋಡುತ್ತಾ ಹೇಳಿದೆ.

"ಹೂ ಮೊದ್ಲು ಅಯ್ಯನೋರೇ."

ಮೂರೇ ಪದ. ಆ ಜನರೆದುರು, ನನ್ನ ಮೂಗಿನಿಂದ ಗುಡಿ ಮೈಲಿಗೆಯಾಯಿತು, ಎಲ್ಲರೂ ಹೊರಗೆ ಕಾಯಿರಿ ಅಂತ ಹೇಳಲು ನಾಲಿಗೆ ಏಳಲಿಲ್ಲ. ಇದು ನಾನು ಎಲ್ಲರಿಗೂ ಹೇಳಿಕೊಳ್ಳಬಹುದಾದ ಕಾರಣ. ಇನ್ನೊಂದು ಇದೆ. ಭಾಗ್ಯ ಗೊರವನಹಳ್ಳಿಗೆ ಹೋದರೆ ಬೆಳಗಿನ ಕಷಾಯ ಯಾರು ಕಾಯಿಸುತ್ತಾರೆ ಎಂಬ ಯೋಚನೆ ಆ ಹೊತ್ತಿನಲ್ಲಿ ನನ್ನ ತಲೆಯ ಒಂದು ಮೂಲೆಯಲ್ಲಿ ಸುಳಿದು ಹೋಗಿತ್ತು. ಸುಳಿದು ಹೋಯಿತು ಅಷ್ಟೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಈ ಎರಡನೆಯ ಕಾರಣವನ್ನು ಅವಳಿಗೆ ಇನ್ನೂ ಹೇಳಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಮೂಗು ಸದ್ದಿಲ್ಲದೆ ಇತ್ತು. ಒಂದೇ ಒಂದು ಸೀನಿಲ್ಲ! ಮಾರನೆಯ ಬೆಳಿಗ್ಗೆ ಭಾಗ್ಯ ಮಳಿಗೆಯವರಿಗೆ ಫೋನು ಮಾಡಿ, ಮನೆಯಲ್ಲಿ ಒಪ್ಪಲಿಲ್ಲ ಅಂದಳು. ಸ್ವಾಮಿ ಒಪ್ಪಲಿಲ್ಲ ಅನ್ನಲಿಲ್ಲ. ಆಮೇಲೆ ಒಳಗೆ ಬಂದು ನನಗೆ ಕಷಾಯ ಕೊಟ್ಟಳು. ಎಂದಿನಂತೆ ಬೆಲ್ಲ ಹಾಕಿದ್ದಳು. ಬೆಲ್ಲ ಹಾಕದೇ ಕೊಟ್ಟಿದ್ದರೆ ಕುಡಿಯುವುದು ಸುಲಭವಾಗುತ್ತಿತ್ತು. ಆ ವಾರವೇ ಮಳಿಗೆಯನ್ನು ಜಯಮ್ಮ ಎಂಬಾಕೆ ಹಿಡಿದು ಹೋಟ್ಲು ತೆರೆದರು. ಗೊರವನಹಳ್ಳಿ ಕಡೆ ಬಾಡಿಗೆ ಬಂದರೆ ನಾನು ಬಳಸುದಾರಿಯಲ್ಲಿ ಹೋಗುತ್ತಿದ್ದೆ.

ಸಂಕ್ರಾಂತಿ ಕಳೆಯಿತು. ರಾಗಿ ಒಕ್ಕಣೆಯ ಧೂಳಿಗೆ ಮೂಗು ಮತ್ತೆ ಕಟ್ಟಿತು. ಒಂದು ಸಂಜೆ ಭಾಗ್ಯ ನೀಲಗಿರಿ ಎಣ್ಣೆ ಹಾಕಿದ ಬಿಸಿನೀರಿನ ಪಾತ್ರೆ ನನ್ನ ಮುಂದಿಟ್ಟು, ತಲೆಯ ಮೇಲೆ ಕಂಬಳಿ ಹೊದಿಸಿದಳು. ಒಳಗೆ ಕತ್ತಲೆ. ಯಾರ ಮುಖವೂ ಕಾಣುವುದಿಲ್ಲ. ಹೇಡಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ. ಕಂಬಳಿಯೊಳಗಿನಿಂದಲೇ ಹೇಳಿದೆ: ಅವತ್ತು ಗುಡಿಯಲ್ಲಿ ಸೀನು ಮೊದಲು.

ಎದ್ದು ಹೋದಳೇನೋ ಅಂದುಕೊಂಡೆ. ಆಮೇಲೆ ಕಂಬಳಿ ಸರಕ್ಕನೆ ಮೇಲಕ್ಕೆ ಹೋಯಿತು.

"ನನ್ನ ಮುಖ ನೋಡ್ಕಂಡು ಹೇಳು."

ಬೆವರು, ಹಬೆ, ಮೂಗಿನ ನೀರು ಎಲ್ಲ ಸುರಿಸಿಕೊಂಡು ಮತ್ತೊಮ್ಮೆ ಹೇಳಿದೆ. ಜಗತ್ತಿನಲ್ಲಿ ಯಾವ ತಪ್ಪೊಪ್ಪಿಗೆಯೂ ಇಷ್ಟು ಒದ್ದೆಯಾಗಿರಲಾರದು. ಅವಳು ಕಂಬಳಿ ಮಡಚಿಟ್ಟು ಕೇಳಿದಳು.

"ಬಲಗಡೆ ಹೂ ಹೆಂಗಿತ್ತು?"

"ಜಾರ್ತಿತ್ತು."

"ಒಂದು ವಾರದ ಮಾತಾಗಿತ್ತಲ್ಲಣ್ಣ. ಮಳಿಗೆಯೋರ ಕೈಕಾಲು ಹಿಡ್ಕಂಡು ಒಂದು ವಾರ ಕೇಳ್ತಿದ್ದೆ ನಾನು."

ಪಾತ್ರೆ ಎತ್ತಿಕೊಂಡು ಹೋಗಿ ನೀರನ್ನು ಅಂಗಳಕ್ಕೆ ಚೆಲ್ಲಿದಳು. ಇನ್ನೂ ಹಬೆ ಬರುತ್ತಿತ್ತು.

ಅವ್ವನಿಗೂ ಹೇಳಿದೆ. ಅವ್ವ ಸಿಟ್ಟಾಗುತ್ತಾಳೆ, ಎರಡು ಬಾರಿಸುತ್ತಾಳೆ, ನನಗೂ ಸ್ವಲ್ಪ ಹಗುರಾಗುತ್ತದೆ ಅಂದುಕೊಂಡಿದ್ದೆ. ಅವ್ವ ಸೊಪ್ಪು ಸೋಸುತ್ತಾ ತಲೆ ಕೂಡ ಎತ್ತಲಿಲ್ಲ.

"ನಿನ್ನ ಮೂಗಲ್ಲಿ ಸೀನಿಸಿದೋರು ಯಾರ್ಲಾ? ಆ ಸ್ವಾಮಿನೇ. ಬ್ಯಾಡ ಅನ್ನಾಕೆ ಆತನಿಗೆ ನಿನ್ನ ಮೂಗೇ ಸಿಗ್ತು."

ನನ್ನ ಮೂಗಿಗೆ ಇಂಥ ಗೌರವ ಹಿಂದೆಂದೂ ಸಿಕ್ಕಿರಲಿಲ್ಲ. ಆದರೆ ಭಾಗ್ಯ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

"ಹಂಗಾದ್ರೆ ಸುಳ್ಳು ಹೇಳ್ಸಿದ್ದೂ ಸ್ವಾಮಿನೇನವ್ವ?"

ಅವ್ವನ ಕೈ ಸೊಪ್ಪಿನ ಮೇಲೆ ನಿಂತಿತು. ಭಾಗ್ಯ ಮುಂದುವರಿದು, ಬರುವ ಸೋಮವಾರ ಇನ್ನೊಂದು ಸಲ ಕೇಳೋಣ, ತಟ್ಟೆ ನಾನೇ ಹಿಡಿಯುತ್ತೇನೆ, ಅಣ್ಣ ಬರಕೂಡದು ಅಂದಳು. ಹೆಂಗಸು ತಟ್ಟೆ ಹಿಡಿಯುವ ಪದ್ಧತಿ ಇಲ್ಲವಲ್ಲ ಅಂತ ಅವ್ವ ಅಯ್ಯನವರ ಮನೆಗೇ ಹೋಗಿ ವಿಚಾರಿಸಿ ಬಂದಳು. ಅಯ್ಯನವರಿಗೆ ನಾನೇ ನಿಜ ಹೇಳಿ ಕಾಲಿಗೆ ಬಿದ್ದಿದ್ದೆ. ಗುಡಿಯನ್ನು ಒಳಗೂ ಹೊರಗೂ ತೊಳೆಯುವ ಶಿಕ್ಷೆ ನನಗಾಗಿತ್ತು. ಅವರು ಅವ್ವನಿಗೆ, ಸೀನದೆ ನಿಲ್ಲುವವರು ಯಾರಾದರೂ ಹಿಡಿಯಲಿ ಅಂದರಂತೆ.

ಆ ಸೋಮವಾರ ನಾನು ಗುಡಿಯಿಂದ ನೂರು ಮಾರು ದೂರದಲ್ಲಿ, ಗಾಳಿ ಯಾವ ಕಡೆಗೆ ಬೀಸುತ್ತಿದೆ ಅಂತ ನೋಡಿಕೊಂಡು, ಆಟೋ ನಿಲ್ಲಿಸಿ ಕೂತಿದ್ದೆ. ಅವ್ವ ಕೇಳಿ ಮುಗಿಸುವ ಮೊದಲೇ ಬಲಗಡೆಯ ಹೂ ಬಿತ್ತಂತೆ. ನಾನಿಲ್ಲದ ಕಡೆ ಸ್ವಾಮಿ ಬಹಳ ಚುರುಕು.

ಅಪ್ಪಣೆ ಸಿಕ್ಕಿತು. ಮಳಿಗೆ ಎಲ್ಲಿದೆ? ಗೊರವನಹಳ್ಳಿಯಲ್ಲಿ ಬಸ್ಸು ನಿಲ್ಲುವ ಕಡೆ ಇನ್ನೊಂದು ಖಾಲಿ ಆಗಲಿಲ್ಲ. ನಾನು ಕೊರಟಗೆರೆ, ಮಧುಗಿರಿ ಎಲ್ಲ ಸುತ್ತಿ ಕೇಳಿದೆ. ಸಿಕ್ಕ ಕಡೆ ಜನ ಇಲ್ಲ, ಜನ ಇರುವ ಕಡೆ ಸಿಗಲಿಲ್ಲ. ಕೊನೆಗೆ ಭಾಗ್ಯ ಯಾರನ್ನೂ ಕೇಳದೆ, ಯಾವ ಹೂವನ್ನೂ ಕೇಳದೆ, ಜಯಮ್ಮನ ಹೋಟ್ಲಿಗೇ ಹೋಗಿ ಬೆಳಗಿನ ಹೊತ್ತು ಕೆಲಸಕ್ಕೆ ಸೇರಿದಳು. ತಾನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ಮಳಿಗೆಯಲ್ಲೇ, ಇನ್ನೊಬ್ಬರ ಒಲೆಯ ಮುಂದೆ ನಿಲ್ಲುತ್ತಾಳೆ. ರುಬ್ಬುವ ಯಂತ್ರ ತಪ್ಪು ಜಾಗದಲ್ಲಿ ಕೂತಿದೆಯಂತೆ. ಹೇಳಲು ಅದು ಅವಳ ಹೋಟ್ಲಲ್ಲ.

ಈಗ ಮತ್ತೆ ಸೇವಂತಿಗೆ ಕಾಲ. ದಿನಾ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತೇನೆ, ಒಂದು ದಿನವೂ ಬಿಟ್ಟಿಲ್ಲ. ಮೂಟೆ ಎತ್ತುವಾಗ ಮಾಸ್ಕ್ ಹಾಕುತ್ತೇನೆ. ಮೂಗು ಸೋರುವುದಿಲ್ಲ, ಕಣ್ಣು ಕೆರೆಯುವುದಿಲ್ಲ, ಮಂಪರೂ ಇಲ್ಲ, ಆಟೋ ಹಳ್ಳಕ್ಕೂ ಹೋಗಿಲ್ಲ. ಇಷ್ಟು ಸುಲಭವಾಗಿತ್ತು. ಒಂದು ಸಣ್ಣ ಬಿಳಿ ಮಾತ್ರೆ ಮಾಡುವ ಕೆಲಸಕ್ಕೆ ನಾನು ಒಂದು ಮೀಸೆ, ಎರಡು ಎಸಳು ಬೆಳ್ಳುಳ್ಳಿ, ಎರಡು ಚಿಟಿಕೆ ನಶ್ಯ ಮತ್ತು ತಂಗಿಯ ಹೋಟ್ಲು ಖರ್ಚು ಮಾಡಿದ್ದೇನೆ.

ಮೊನ್ನೆ ಅವಳನ್ನು ಬೆಳಿಗ್ಗೆ ಗೊರವನಹಳ್ಳಿಗೆ ಬಿಟ್ಟಾಗ, ಎಂದೂ ಇಲ್ಲದ್ದು, ತಿಂಡಿ ತಿಂದುಕೊಂಡು ಹೋಗು ಅಂದಳು. ಹಿಂದಿನ ಬೆಂಚಿನಲ್ಲಿ ಕೂತೆ. ಆಗಲೇ ಒಂದು ಬಸ್ಸು ಬಂದು ಜನ ತುಂಬಿಕೊಂಡರು. ಒಬ್ಬ ಮುದುಕರು ಎರಡನೇ ಸಲ ಇಡ್ಲಿ ಹಾಕಿಸಿಕೊಳ್ಳುತ್ತಾ ಜಯಮ್ಮನಿಗೆ, ನಿಮ್ಮ ಕೈ ರುಚಿ ಚೆನ್ನಾಗಿದೆ ತಾಯಿ ಅಂದರು. ಜಯಮ್ಮ ನಕ್ಕರು. ಭಾಗ್ಯ ತಲೆ ತಗ್ಗಿಸಿ ಇಡ್ಲಿ ತಟ್ಟೆಗಳನ್ನು ಇಳಿಸುತ್ತಿದ್ದಳು. ನನ್ನ ಕಣ್ಣಲ್ಲಿ ದಳದಳ ನೀರು ಬಂತು. ಅಲರ್ಜಿ ಅನ್ನುವ ಹಾಗಿಲ್ಲ, ಮಾತ್ರೆ ತಿಂದಿದ್ದು ಅವಳಿಗೆ ಗೊತ್ತು. ಅವಳು ಹತ್ತಿರ ಬಂದು ಯಾಕಣ್ಣ ಅಂದಳು. ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ, ಚಟ್ನಿ ಖಾರ ಕಣಮ್ಮ ಅಂದೆ.

ಅವಳು ನನ್ನ ತಟ್ಟೆ ನೋಡಿದಳು.

"ಚಟ್ನಿ ಇನ್ನೂ ಹಾಕಿಲ್ಲ ಕಣಣ್ಣ."